ತಕ್ಷಣ ಕೊಂಬು ತೆಗೆಸಿ

ಹಣ್ಣಿನ ರಸದ ಕಾರ್ಖಾನೆಯ ಗುಮಾಸ್ತನಿಗೆ ನಿಘಂಟಪ್ಪ ಎಂದು ಹೆಸರಿಟ್ಟವರು ಅಪ್ಪ ಅಮ್ಮ ಅಲ್ಲ, ಬಾಟಲಿ ತೊಳೆಯುವ ವಿಭಾಗದ ಹೆಂಗಸರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು, ಅದನ್ನು ಕೂಗಿದರೆ ಅವನೇ ಹಿಂದೆ ತಿರುಗಿ ಯಾರನ್ನು ಕರೆಯುತ್ತಿದ್ದಾರೆ ಎಂದು ನೋಡುತ್ತಿದ್ದ. ಹೆಂಗಸರಿಗೆ ಹಾಗೆ ಹೆಸರಿಡಲು ಕಾರಣವಿತ್ತು. ಅವನ ಹತ್ತಿರ ಒಂದು ಮಾತನ್ನು ನೆಟ್ಟಗೆ ಆಡುವ ಹಾಗಿರಲಿಲ್ಲ. "ಸಾರ್, ರಜಾ ಬೇಕಿತ್ತು" ಎಂದು ಯಾರಾದರೂ ಬಂದರೆ, ರಜಾ ಎಂಬ ಪದ ಯಾವ ದೇಶದಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಬಂತು, ಬರುವಾಗ ಯಾವ ಅಕ್ಷರ ಕಳೆದುಕೊಂಡಿತು ಎಂದು ಹೇಳಿ ಮುಗಿಸುವಷ್ಟರಲ್ಲಿ ರಜಾ ಬೇಕಾಗಿದ್ದ ದಿನವೇ ಮುಗಿದಿರುತ್ತಿತ್ತು.

ಹೆಂಡತಿ ಮದುವೆಯಾದ ಹೊಸತರಲ್ಲಿ ಕೇಳುತ್ತಿದ್ದಳು. ಆಮೇಲೆ ಕೇಳಿದ ಹಾಗೆ ಮಾಡುತ್ತಿದ್ದಳು. ಈಗ ಅದೂ ಇಲ್ಲ. "ರೀ, ತಲೆ ನೋಯ್ತಿದೆ. ಅರ್ಥ ಬೇಡ, ಮಾತ್ರೆ ಕೊಡಿ" ಎಂದು ಮೊದಲೇ ಹೇಳಿಬಿಡುತ್ತಿದ್ದಳು.

ಈ ಕಥೆಗೆ ಕಾರಣವಾದದ್ದು ಒಂದು ಕಡಲೆಕಾಯಿ ಪೊಟ್ಟಣ. ಕಡಲೆಕಾಯಿ ಖಾಲಿಯಾದ ಮೇಲೆ ಜನ ಕಾಗದವನ್ನು ಮುದುರಿ ಎಸೆಯುತ್ತಾರೆ. ನಿಘಂಟಪ್ಪ ಬಿಡಿಸಿ ಓದುವ ಜಾತಿ. ಆ ಹಳೇ ಪತ್ರಿಕೆಯ ಚೂರಿನಲ್ಲಿ ಹೀಗೆ ಬರೆದಿತ್ತು: ಸೈರನ್ ಎಂಬುದು ದೂರದ ಒಂದು ನಾಡಿನ ಹಳೆಯ ಕಥೆಗಳಲ್ಲಿ ಬರುವ ಹೆಂಗಸರ ಹೆಸರು, ಅವರು ಸಮುದ್ರದ ನಡುವಿನ ಬಂಡೆಯ ಮೇಲೆ ಕೂತು ಹಾಡುತ್ತಿದ್ದರು, ಹಾಡಿಗೆ ಮರುಳಾದ ನಾವಿಕರು ಹಡಗನ್ನು ಬಂಡೆಗೆ ಹೊಡೆಸಿ ಮುಳುಗಿ ಸಾಯುತ್ತಿದ್ದರು. ಚೂರು ಅಲ್ಲಿಗೆ ಹರಿದಿತ್ತು. ನಿಘಂಟಪ್ಪನಿಗೆ ಅಷ್ಟು ಸಾಕಾಯಿತು.

ಕಾರ್ಖಾನೆಯ ಮಾಳಿಗೆಯ ಮೇಲೆ ಒಂದು ಸೈರನ್ ಇತ್ತು. ಹಿತ್ತಾಳೆಯದು, ಹಂಡೆಯಷ್ಟು ಅಗಲದ ಬಾಯಿ, ಪಕ್ಕದಲ್ಲಿ ಕೈಯಿಂದ ತಿರುಗಿಸುವ ಹಿಡಿ. ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಐದಕ್ಕೆ ಅದು ಕೂಗಿದರೆ ಊರಿನ ಈ ತುದಿಯಿಂದ ಆ ತುದಿಯವರೆಗೆ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಮಧ್ಯಾಹ್ನ ಅದು ಕೂಗಿದಾಗಲೇ ನಿಘಂಟಪ್ಪ ಊಟದ ಡಬ್ಬಿ ಹಿಡಿದು ಹೆಂಗಸರ ಹತ್ತಿರ ಹೋಗಿ ಈ ಮಹಾ ಸಂಗತಿಯನ್ನು ಹೇಳಿದ.

ಬಾಟಲಿ ತೊಳೆಯುವವರ ಮುಖಂಡಳಾದ ದೊಡ್ಡಕ್ಕ ತುತ್ತು ಕೈಯಲ್ಲೇ ಹಿಡಿದು ಕೇಳಿದಳು: "ಅಂದ್ರೆ ಇಷ್ಟು ವರ್ಷ ನಮ್ಮನ್ನ ಕೆಲಸಕ್ಕೆ ಕರೀತಿದ್ದೋಳು ಗಂಡಸರನ್ನ ಮುಳುಗಿಸೋಳಾ?"

"ಹೌದಕ್ಕ."

"ಮತ್ತೆ ಇಲ್ಲಿ ಒಬ್ಬನೂ ಮುಳುಗ್ಲಿಲ್ಲವಲ್ಲಪ್ಪ!" ಎಂದು ದೊಡ್ಡಕ್ಕ ತುಂಬ ಬೇಜಾರಿನಿಂದ ಹೇಳಿದಳು.

ಸುದ್ದಿ ಮ್ಯಾನೇಜರಿಗೆ ಮುಟ್ಟಿತು. ಮ್ಯಾನೇಜರು ಹೆದರಿಕೆಯ ಮನುಷ್ಯ. ಯಾರಾದರೂ ಬಾಗಿಲು ತೆರೆದರೆ ಹೆದರುತ್ತಿದ್ದರು, ತೆರೆಯದಿದ್ದರೆ ಯಾಕೆ ತೆರೆಯಲಿಲ್ಲ ಎಂದು ಹೆದರುತ್ತಿದ್ದರು.

"ಏನ್ರೀ ಇದು, ಮುಳುಗಿಸೋ ಹೆಸರನ್ನ ಕಾರ್ಖಾನೆ ನೆತ್ತಿ ಮೇಲೆ ಇಟ್ಕೊಂಡಿದೀವಂತೆ! ಮಾಲೀಕರಿಗೆ ಗೊತ್ತಾದ್ರೆ ನನ್ನ ಗತಿ ಏನ್ರೀ?"

"ಹೆಸರು ಬದಲಾಯಿಸೋಣ ಸಾರ್. ನಮ್ಮದೇ ಪದ ಇದೆಯಲ್ಲ, ಕೊಂಬು!" ನಿಘಂಟಪ್ಪ ಎದ್ದು ನಿಂತ. ಅರ್ಥ ಹೇಳುವಾಗ ಅವನು ಯಾವತ್ತೂ ಎದ್ದು ನಿಲ್ಲುತ್ತಿದ್ದ. "ಮೂಲದಲ್ಲಿ ಕೊಂಬು ಅಂದ್ರೆ ಎತ್ತು, ಎಮ್ಮೆ, ಟಗರಿನ ತಲೆ ಮೇಲಿರೋದು ಸಾರ್. ಹಿಂದಿನೋರು ಅದರ ತುದಿ ಕತ್ತರಿಸಿ ಊದಿದ್ರು, ಸದ್ದು ಬಂತು. ಊದೋ ವಸ್ತುವಿಗೂ ಕೊಂಬು ಅಂತಲೇ ಹೆಸರು ಬಂತು. ಆಮೇಲೆ ಹಿತ್ತಾಳೆಯಲ್ಲಿ ಮಾಡಿದ್ರು, ತಾಮ್ರದಲ್ಲಿ ಮಾಡಿದ್ರು. ಎಮ್ಮೆ ಹೋಯ್ತು, ಹೆಸರು ಉಳೀತು. ಹಾರ್ನ್ ಅನ್ನೋದಕ್ಕೂ ಅದೇ ಅರ್ಥ ಸಾರ್. ಭಾಷೆ ಬೇರೆ ಆದ್ರೇನು, ಎಮ್ಮೆ ಒಂದೇ!"

ಮ್ಯಾನೇಜರಿಗೆ ಎಮ್ಮೆಯ ಹೆದರಿಕೆ ಇರಲಿಲ್ಲ. ಅದೇ ದಿನ ಸುತ್ತೋಲೆ ಹೊರಟಿತು: "ಇಂದಿನಿಂದ ಕಾರ್ಖಾನೆಯ ಮಾಳಿಗೆಯ ಮೇಲಿನ ಸೈರನ್ನನ್ನು ಕೊಂಬು ಎಂದು ಕರೆಯತಕ್ಕದ್ದು. ಬಾಯಿ ತಪ್ಪಿ ಸೈರನ್ ಎಂದವರು ಅದೇ ಉಸಿರಿನಲ್ಲಿ ತಿದ್ದಿಕೊಳ್ಳತಕ್ಕದ್ದು." ಅಂದಿನಿಂದ ಹೆಂಗಸರು "ಸೈರನ್ ಕೊಂಬು ಆಯ್ತು, ನಡೀರಿ ಊಟಕ್ಕೆ" ಎನ್ನತೊಡಗಿದರು. ಗೇಟಿನ ಕಾವಲುಗಾರ ನಿಘಂಟಪ್ಪನನ್ನು ಕಂಡಾಗಲೆಲ್ಲ ಅವನ ಹಣೆಯ ಎರಡೂ ಬದಿಯನ್ನು ಗಂಭೀರವಾಗಿ ನೋಡುತ್ತಿದ್ದ.

ಬೇಜಾರಾದದ್ದು ಒಬ್ಬರಿಗೆ ಮಾತ್ರ, ಆ ಕೊಂಬನ್ನು ತಿರುಗಿಸುತ್ತಿದ್ದವರಿಗೆ. ಅವರು ನಿಘಂಟಪ್ಪನ ಹೆಂಡತಿಯ ಅಣ್ಣ. ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷದಿಂದ ಆ ಹಿಡಿ ತಿರುಗಿಸಿ ತಿರುಗಿಸಿ ಭಾವನ ಕಿವಿ ಮುಕ್ಕಾಲು ಹೋಗಿತ್ತು. ತಮ್ಮ ಮಾತು ತಮಗೆ ಕೇಳದ ಕಾರಣ ಅವರು ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮಾಳಿಗೆ ಮೆಟ್ಟಿಲ ಕೆಳಗಿನ ಕೋಣೆಯಲ್ಲೇ ಇರುತ್ತಿದ್ದರು. ಒಂದು ಮಂಚ, ಒಂದು ಸ್ಟವ್, ಗೋಡೆಯ ಮೇಲೆ ಒಂದು ಗಡಿಯಾರ. ಕೆಲಸ ಇರುವವರೆಗೆ ಆ ಕೋಣೆ.

"ಮೂವತ್ತು ವರ್ಷ ಸೈರನ್ ಆಪರೇಟರ್ ಆಗಿದ್ದೆ ಭಾವಾ!" ಎಂದು ಅವರು ಕೂಗಿದರು. "ಈಗ ಹಾಜರಿ ಪುಸ್ತಕದಲ್ಲಿ ಕೊಂಬಿನವರು ಅಂತ ಬರೆದಿದೀರಲ್ಲ! ನಾನೇನು ಎತ್ತಾ?"

ಆ ವಾರವೇ ಮಾಳಿಗೆಗೆ ಹೊಸ ಬೋರ್ಡು ಬಂತು. ಎರಡು ಉದ್ದ ಹಲಗೆ. ಪೇಂಟರು ಅಂಗಳದಲ್ಲಿ ಗೋಡೆಗೆ ಒರಗಿಸಿ ಬರೆಯುತ್ತಿದ್ದ. ಒಂದರಲ್ಲಿ "ಶುದ್ಧ" ಎಂದೂ ಇನ್ನೊಂದರಲ್ಲಿ "ಹಣ್ಣಿನ ರಸ" ಎಂದೂ ಬರಬೇಕು. ಆ ಕಡೆ ಹೋಗುತ್ತಿದ್ದ ನಿಘಂಟಪ್ಪ ನಿಂತು ಕಣ್ಣು ಕಿರಿದು ಮಾಡಿದ. ಪೇಂಟರು "ಶದ್ಧ" ಎಂದು ಬರೆದಿದ್ದ.

"ಏನಯ್ಯ ಇದು! ಕೊಂಬು ಎಲ್ಲಯ್ಯ? ಕಾಗುಣಿತ ಕಲೀಲಿಲ್ವಾ? ಕ-ಕ್ಕೆ ಕೊಂಬು ಕೊಟ್ರೆ ಕು, ಶ-ಕ್ಕೆ ಕೊಂಬು ಕೊಟ್ರೆ ಶು! ಮೊದಲಕ್ಷರಕ್ಕೆ ಕೊಂಬು ಹಾಕು!"

ಪೇಂಟರು ಆ ಹೊತ್ತಿಗೆ ಎರಡನೇ ಹಲಗೆಯ ಮುಂದೆ ಕೂತಿದ್ದ. "ಯಾವುದರ ಮೊದಲಕ್ಷರಕ್ಕೆ ಸ್ವಾಮಿ?" ಎಂದು ಕುಂಚ ಎತ್ತಿ ಕೇಳಿದ. ಆಗ ಸರಿಯಾಗಿ ಹನ್ನೆರಡಾಯಿತು. ಮೇಲೆ ಭಾವ ಹಿಡಿ ತಿರುಗಿಸಿದರು. ನಿಘಂಟಪ್ಪ ಕೈ ತೋರಿಸಿದ, ಬಾಯಿ ತೆರೆದ, ಏನೇನೋ ಹೇಳಿದ. ಪೇಂಟರು ಎಲ್ಲ ತಿಳಿದವನ ಹಾಗೆ ತಲೆಯಾಡಿಸಿದ. ನಿಘಂಟಪ್ಪ ಊಟಕ್ಕೆ ಹೋದ.

ಸಂಜೆ ಹಲಗೆಗಳು ಮಾಳಿಗೆ ಏರಿದವು. ಗೇಟಿನಿಂದ ನೋಡಿದರೆ ಬೋರ್ಡಿನ ನಡುಭಾಗ ಕೊಂಬಿನ ಅಗಲ ಬಾಯಿಯ ಹಿಂದೆ ಮರೆಯಾಗುತ್ತಿತ್ತು. "ಶ"ದ ಎಡಭಾಗ ಕಾಣುತ್ತಿತ್ತು, ಕೊನೆಗೆ "ರಸ" ಕಾಣುತ್ತಿತ್ತು. ನಡುವೆ ಏನಿರಬೇಕೆಂದು ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ಬಗ್ಗಿ ನೋಡಲಿಲ್ಲ.

ಮರುದಿನ ಬೆಳಗ್ಗೆ ಮಾಲೀಕರ ಡ್ರೈವರು ಒಂದು ಚೀಟಿ ತಂದುಕೊಟ್ಟ. ಮಾಲೀಕರು ಪರ ಊರಿಗೆ ಹೋಗುವಾಗ ಸೇತುವೆಯ ಮೇಲೆ ಕಾರು ನಿಲ್ಲಿಸಿ, ಕಾರ್ಖಾನೆಯನ್ನು ಪಕ್ಕದಿಂದ ನೋಡಿ, ಮೊಣಕಾಲ ಮೇಲೆ ಕಾಗದ ಇಟ್ಟು ಬರೆದದ್ದಂತೆ. ಅಕ್ಷರಗಳೆಲ್ಲ ಸಿಟ್ಟಿನಿಂದ ಕುಣಿಯುತ್ತಿದ್ದವು.

"ಮಾಳಿಗೆ ಮೇಲೆ ಕೊಂಬು ನೋಡಿದೆ. ಮಾನ ಹೋಯಿತು. ತಕ್ಷಣ ಕೊಂಬು ತೆಗೆಸಿ. ನಾಳೆ ಹತ್ತು ಗಂಟೆಗೆ ದೊಡ್ಡಾಸ್ಪತ್ರೆಯ ಡಾಕ್ಟರು ರೋಗಿಗಳಿಗೆ ರಸ ಗೊತ್ತುಮಾಡಲು ಬರುತ್ತಾರೆ. ಅಷ್ಟರಲ್ಲಿ ಕೊಂಬು ಕಾಣಕೂಡದು. ಹಾಕಿದವರು ಯಾರೋ ಅವರನ್ನು ನಾನು ಬಂದು ವಿಚಾರಿಸಿಕೊಳ್ಳುತ್ತೇನೆ."

ಮ್ಯಾನೇಜರು ಓದಿ ಕುರ್ಚಿಯಲ್ಲಿ ಕುಸಿದರು. "ಅರ್ಥ ಹೇಳ್ರೀ, ಅರ್ಥ ಹೇಳ್ರೀ" ಎಂದು ಚೀಟಿಯನ್ನು ನಿಘಂಟಪ್ಪನ ಕೈಗೆ ತುರುಕಿದರು.

ನಿಘಂಟಪ್ಪ ಓದಿದ. ಇನ್ನೊಂದು ಸಲ ಓದಿದ. ಅವನ ಕಣ್ಣು ಒದ್ದೆಯಾಯಿತು.

"ಸಾರ್, ನೋಡಿದ್ರಾ! ಮಾಲೀಕರು ಸೈರನ್ ಅಂತ ಬರೆದಿಲ್ಲ. ಕೊಂಬು ಅಂತ ಬರೆದಿದಾರೆ! ನನ್ನ ಪದ ಸಾರ್! ಒಂದಲ್ಲ ಮೂರು ಸಲ!"

ನೋಡಿ, ಮನುಷ್ಯನಿಗೆ ಹೊಗಳಿಕೆ ಎಂಬುದು ಕಣ್ಣಿಗೆ ಎರಚಿದ ಮಣ್ಣು. ಹಿಂದಿನ ದಿನವಷ್ಟೇ ಪೇಂಟರಿಗೆ ಕೊಂಬಿನ ಪಾಠ ಹೇಳಿದ್ದ ಬಾಯಿ ಅದೇ, ಸೈರನ್ನಿಗೆ ಕೊಂಬು ಎಂದು ಹೆಸರಿಟ್ಟ ಬಾಯಿಯೂ ಅದೇ. ಎರಡು ಕೊಂಬುಗಳೂ ಒಂದೇ ತಲೆಯಲ್ಲಿ ಅಕ್ಕಪಕ್ಕದ ಕೋಣೆಯಲ್ಲಿದ್ದವು. ಆದರೆ ಆ ಹೊತ್ತಿನಲ್ಲಿ ಒಂದನ್ನೊಂದು ಭೇಟಿಯಾಗಲಿಲ್ಲ.

"ಅದ್ಸರಿ, ಮಾನ ಹೋಯಿತು ಅಂತ ಯಾಕ್ರೀ ಬರೆದಿದಾರೆ?"

"ಆಸ್ಪತ್ರೆ ಮುಂದೆ ಹಾರ್ನ್ ಮಾಡಬೇಡಿ ಅಂತ ಬೋರ್ಡ್ ಇರುತ್ತಲ್ಲ ಸಾರ್? ಡಾಕ್ಟರಿಗೂ ಕೊಂಬಿಗೂ ಎಣ್ಣೆ ಸೀಗೆಕಾಯಿ. ನಾಳೆ ಡಾಕ್ಟರು ಬರೋ ಹೊತ್ತಿಗೆ ನಮ್ಮ ನೆತ್ತಿ ಮೇಲೆ ಇಷ್ಟು ದೊಡ್ಡ ಕೊಂಬು ಕಂಡ್ರೆ ಏನಂದ್ಕೋತಾರೆ?"

"ಹಾಗಾದ್ರೆ ಹಾಕಿದವರು ಯಾರು? ವಿಚಾರಿಸ್ಕೋತಾರಂತೆ!"

"ಹಾಕಿಸಿದ್ದು ಮಾಲೀಕರ ತಂದೆಯವರು ಸಾರ್."

"ಅವರು ಹೋಗಿ ಹನ್ನೆರಡು ವರ್ಷ ಆಯ್ತಲ್ರೀ!"

"ವಿಚಾರಿಸಿಕೊಳ್ಳೋದು ಸ್ವಲ್ಪ ಕಷ್ಟವೇ ಸಾರ್."

ಮ್ಯಾನೇಜರಿಗೆ ಸಮಾಧಾನವಾಯಿತು. ಸತ್ತವರ ಮೇಲೆ ಹೋಗುವ ತಪ್ಪು ಅವರಿಗೆ ತುಂಬ ಇಷ್ಟ. "ಸರಿ, ಇವತ್ತೇ ಬಿಚ್ಚಿಸಿ. ಹಾಗೇ ನಿಮ್ಮ ಭಾವನಿಗೂ ಹೇಳಿಬಿಡಿ. ಕೊಂಬಿಲ್ಲದ ಮೇಲೆ ಕೊಂಬಿನವರು ಯಾಕ್ರೀ? ಕೋಣೆ ಕೂಡ ಖಾಲಿ ಮಾಡ್ಲಿ. ನಾನು ಹೇಳಿದ್ರೆ ಅವರು ಕೂಗ್ತಾರೆ, ನನಗೆ ಎದೆ ಹೊಡ್ಕೊಳ್ಳುತ್ತೆ."

ಆಗ ನಿಘಂಟಪ್ಪನ ಎದೆಯೂ ಹೊಡೆದುಕೊಂಡಿತು. ಪದದ ಸಂಭ್ರಮದಲ್ಲಿ ಭಾವನ ನೆನಪೇ ಆಗಿರಲಿಲ್ಲ.

ಅವನು ಕೋಣೆಗೆ ಹೋದಾಗ ಭಾವ ಎಣ್ಣೆಯ ಡಬ್ಬಿ ಹಿಡಿದು ಮೇಲೆ ಹೊರಟಿದ್ದರು.

"ಭಾವ, ಕೊಂಬು ತೆಗೀಬೇಕಂತೆ."

"ತುಂಬಬೇಕಾ? ತುಂಬಿದೀನಿ! ನಿನ್ನೆಯೇ ಎಣ್ಣೆ ತುಂಬಿದೀನಿ!"

"ತುಂಬೋದಲ್ಲ, ಕೊಂಬು! ಬಿಚ್ಚಬೇಕು!"

"ಹುಚ್ಚಾ? ಯಾರಿಗೆ ಹುಚ್ಚು? ಮ್ಯಾನೇಜರಿಗಾ? ನನಗೆ ಮೊದಲೇ ಗೊತ್ತಿತ್ತು!"

ಇದು ಅಂಗಳದಲ್ಲಿದ್ದ ಎಲ್ಲರಿಗೂ ಕೇಳಿಸಿತು, ಮ್ಯಾನೇಜರಿಗೂ ಕೇಳಿಸಿತು. ಕೊನೆಗೆ ನಿಘಂಟಪ್ಪ ಚೀಟಿಯನ್ನೇ ಕೈಗೆ ಕೊಟ್ಟ. ಭಾವ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಓದಿದ ಮೇಲೆ ಮಂಚದ ಮೇಲೆ ಕೂತರು. ಆಮೇಲೆ ತುಂಬ ಮೆಲ್ಲಗೆ ಮಾತಾಡಿದರು. ಅವರಿಗೂ ಮೆಲ್ಲಗೆ ಮಾತಾಡಲು ಬರುತ್ತದೆ ಎಂದು ನಿಘಂಟಪ್ಪನಿಗೆ ಇಪ್ಪತ್ತು ವರ್ಷದಲ್ಲಿ ಅವತ್ತೇ ಗೊತ್ತಾದದ್ದು.

"ನಾನೇ ಬಿಚ್ತೀನಿ ಭಾವಾ. ಬೇರೆಯವರ ಕೈ ಬೇಡ."

ನಿಘಂಟಪ್ಪನಿಗೆ ಏನಾದರೂ ಹೇಳಬೇಕೆನಿಸಿತು. ಅವನ ಹತ್ತಿರ ಅಷ್ಟೊಂದು ಪದಗಳಿದ್ದವು, ಒಂದೂ ಕೆಲಸಕ್ಕೆ ಬರಲಿಲ್ಲ.

ಸಂಜೆ ಐದು ಗಂಟೆಗೆ ಊರಿನಲ್ಲಿ ಸದ್ದೇ ಆಗಲಿಲ್ಲ. ನಿಘಂಟಪ್ಪ ಮನೆಗೆ ಬಂದಾಗ ಭಾವ ಮುಂಚೆಯೇ ಬಂದು ನಡುಮನೆಯಲ್ಲಿ ಕೂತಿದ್ದರು. ಒಂದು ಕಡೆ ಟ್ರಂಕು, ಇನ್ನೊಂದು ಕಡೆ ಹಾಸಿಗೆ ಸುರುಳಿ, ತೊಡೆಯ ಮೇಲೆ ಹಳೇ ಪಂಚೆಯಲ್ಲಿ ಸುತ್ತಿದ ಕೊಂಬು. ಅದನ್ನು ಎಲ್ಲಿಡಬೇಕೆಂದು ಯಾರೂ ಹೇಳದ ಕಾರಣ ಹೊತ್ತು ತಂದಿದ್ದರು. ಬೀದಿಯವರೆಲ್ಲ ಮಾವಶಿ ಎಂದು ಕರೆಯುವ ಪಕ್ಕದ ಮನೆಯ ಮುದುಕಿಯೂ ಎದುರು ಮನೆಯ ಟೇಲರೂ ಬಾಗಿಲಲ್ಲಿ ನಿಂತು ನ್ಯಾಯ ಕೇಳಲು ಕಾಯುತ್ತಿದ್ದರು.

"ಹನ್ನೆರಡರ ಸದ್ದಿಗೆ ಸರಿಯಾಗಿ ನಾನು ಗುಳಿಗೆ ನುಂಗೋಳು" ಎಂದಳು ಮಾವಶಿ. "ನಾಳೆಯಿಂದ ನಿಘಂಟು ನೋಡಿ ನುಂಗ್ಲಾ?"

ಹೆಂಡತಿ ಒಳಗಿನಿಂದ ಬಂದಳು. ಅವಳು ಕೂಗಲಿಲ್ಲ. ಅದೇ ಹೆದರಿಕೆಯ ವಿಷಯ.

"ಅದು ಸೈರನ್ ಆಗಿದ್ದಷ್ಟು ದಿನ ಯಾರೂ ಅದರ ತಂಟೆಗೆ ಬರಲಿಲ್ಲ. ನೀವು ಕೊಂಬು ಅಂದ್ರಿ, ಮೂರನೇ ದಿನಕ್ಕೆ ನಮ್ಮಣ್ಣನ ಅನ್ನ ಹೋಯ್ತು. ಅಣ್ಣ ಇಲ್ಲೇ ಇರ್ಲಿ, ನನಗೇನು ಭಾರ ಅಲ್ಲ. ಆದ್ರೆ ಅವನು ಹೀಗೆ ಸುಮ್ನೆ ಕೂರೋದನ್ನ ನಾನು ನೋಡಲಾರೆ. ಬಂದಾಗಿನಿಂದ ಒಂದು ಮಾತು ಕೂಗಿಲ್ಲ ರೀ ಅವನು." ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಾಳೆ ಸಂಜೆಯೊಳಗೆ ಅದು ಎಲ್ಲಿತ್ತೋ ಅಲ್ಲಿಗೆ ಹೋಗ್ಬೇಕು. ಇಲ್ಲ ಅಂದ್ರೆ ನಿಮ್ಮ ನಿಘಂಟು ಒಲೆಗೆ ಹೋಗುತ್ತೆ."

"ಒಲೆ ಅನ್ನೋ ಪದ..." ಎಂದು ನಿಘಂಟಪ್ಪನ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಟೇಲರು ಹಿಂದಿನಿಂದ ಅವನ ಅಂಗಿ ಜಗ್ಗಿದ. ಅಂದು ಅವನ ಜೀವ ಉಳಿಸಿದ್ದು ಟೇಲರು.

ಮರುದಿನ ಎಂಟಕ್ಕೆ ಸದ್ದಿಲ್ಲ. ಇಡೀ ಊರೇ ದಿಕ್ಕು ತಪ್ಪಿತು. ಚಹಾ ಅಂಗಡಿಯವನು ಒಲೆ ಹಚ್ಚಿದ್ದು ಎಂಟೂಮುಕ್ಕಾಲಿಗೆ. ಕ್ಷೌರಿಕ ಗಿರಾಕಿಯ ಅರ್ಧ ಗಡ್ಡ ತೆಗೆದು, ಇನ್ನೂ ಹೊತ್ತಾಗಿಲ್ಲವೇನೋ ಎಂದು ಬಾಗಿಲು ಹಾಕಿಕೊಂಡು ತಿಂಡಿಗೆ ಹೋದ. ಕಾರ್ಖಾನೆಯ ಕೆಲಸಗಾರರು ಒಬ್ಬೊಬ್ಬರಾಗಿ ಒಂಬತ್ತರವರೆಗೂ ಬಂದರು. ಬಂದವರು ಒಳಗೆ ಬರಲಿಲ್ಲ. ಗೇಟಿನ ಹೊರಗೇ ನಿಂತು ತಲೆ ಎತ್ತಿ ಮಾಳಿಗೆ ನೋಡುತ್ತಿದ್ದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ದೊಡ್ಡಕ್ಕ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಹಿಂದಿನ ಬಾಗಿಲಿಂದ ಬಂದಿದ್ದ ಮ್ಯಾನೇಜರೂ ನಿಘಂಟಪ್ಪನೂ ಇದನ್ನು ಕಿಟಕಿಯಿಂದ ನೋಡಿದರು.

"ಪಾಪ, ಅಳ್ತಿದಾಳೆ" ಎಂದರು ಮ್ಯಾನೇಜರು. "ಕೊಂಬಿನ ಮೇಲೆ ಎಷ್ಟು ಪ್ರೀತಿ ನೋಡ್ರೀ."

ಸರಿಯಾಗಿ ಹತ್ತಕ್ಕೆ ಎರಡು ಕಾರು ಬಂದವು. ಮೊದಲನೆಯದರಲ್ಲಿ ದೊಡ್ಡಾಸ್ಪತ್ರೆಯ ಡಾಕ್ಟರು. ಕಡ್ಡಿಯಂಥ ಮನುಷ್ಯ, ನಕ್ಕರೆ ಜ್ವರ ಬರುತ್ತದೆ ಎಂದು ತಿಳಿದವರ ಹಾಗಿತ್ತು ಮುಖ. ಎರಡನೆಯದರಲ್ಲಿ ಮಾಲೀಕರು. ಡಾಕ್ಟರು ಇಳಿದು, ಜನ ನೋಡುತ್ತಿದ್ದ ಕಡೆಗೇ ತಲೆ ಎತ್ತಿದರು. ಒಂದೊಂದೇ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಿದರು.

"ಶದ್ಧ... ಹುಣ್ಣಿನ... ರಸ."

"ಇದು ನಮ್ಮ ಆಸ್ಪತ್ರೆಯಲ್ಲೇ ಬೇಕಾದಷ್ಟಿದೆ" ಎಂದರು ಡಾಕ್ಟರು. "ಹೊರಗಿನಿಂದ ತರಿಸೋ ಅಗತ್ಯ ಇಲ್ಲ."

ಮಾಲೀಕರ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. "ಮ್ಯಾನೇಜರ್! ಕೊಂಬು ತೆಗೆಸಿ ಅಂತ ಬರೆದಿದ್ದೆನಲ್ಲ!"

ಮ್ಯಾನೇಜರು ಓಡಿ ಬಂದರು. "ತೆಗೆಸಿದ್ವಿ ಸಾರ್! ನಿನ್ನೆಯೇ ತೆಗೆಸಿದ್ವಿ!"

"ಎಲ್ರೀ ತೆಗೆಸಿದೀರಿ? ಅಲ್ಲೇ ಇದೆಯಲ್ಲ!"

"ಇಲ್ಲ ಸಾರ್, ಇವರ ಮನೇಲಿದೆ ಸಾರ್!"

"ಯಾರ ಮನೇಲಿ?"

"ನಿಘಂಟಪ್ಪನವರ ಮನೇಲಿ. ನಡುಮನೇಲಿ ಇಟ್ಟಿದಾರೆ. ಪಂಚೆ ಸುತ್ತಿ ಇಟ್ಟಿದಾರೆ."

"ಹ-ಕ್ಕೆ ಹಾಕಿರೋ ಕೊಂಬನ್ನ ಪಂಚೆ ಸುತ್ತಿ ಮನೇಲಿ ಇಡೋದು ಹೇಗ್ರೀ? ತಲೆ ಗಿಲೆ ಕೆಟ್ಟಿದೆಯಾ?"

ಆಗ ನಿಘಂಟಪ್ಪನ ತಲೆಯೊಳಗೆ ಪಕ್ಕದ ಕೋಣೆಯ ಬಾಗಿಲು ತೆರೆಯಿತು. ಎರಡು ಕೊಂಬುಗಳೂ ಎದುರುಬದುರಾಗಿ ಡಿಕ್ಕಿ ಹೊಡೆದವು.

ಅವನು ಹೊರಗೆ ಬಂದು ಮೇಲೆ ನೋಡಿದ. "ಶ"ದ ಪಕ್ಕದಲ್ಲಿ ಕೊಂಬಿಲ್ಲ. "ಹ"ಕ್ಕೆ ಇದೆ, ಕೆಂಪು ಬಣ್ಣದಲ್ಲಿ, ಗಟ್ಟಿಯಾಗಿ, ಎರಡು ಸಲ ಬಳಿದದ್ದು. ನಿನ್ನೆಯವರೆಗೆ ಊರ ಕಣ್ಣಿಂದ ಅದನ್ನು ಮರೆಮಾಡಿ ಕಾರ್ಖಾನೆಯ ಮಾನ ಕಾದಿದ್ದದ್ದು ಭಾವನ ಕೊಂಬಿನ ಬಾಯಿ. ಅದನ್ನೇ ಬಿಚ್ಚಿಸಿ ಈಗ ಇಡೀ ಊರಿಗೆ ತೋರಿಸಿದ್ದ.

"ಮೊದಲು ಅದನ್ನ ಅಳಿಸಿ!" ಮಾಲೀಕರು ಗುಡುಗಿದರು. "ಯಾರಿದಾರೆ ಮಾಳಿಗೆ ಅಂಚಿಗೆ ಹತ್ತೋರು?"

ಆ ಅಂಚಿಗೆ ಹತ್ತುವ ಕಬ್ಬಿಣದ ಏಣಿಯಲ್ಲಿ ಯಾವ ಮೆಟ್ಟಿಲು ಗಟ್ಟಿ, ಯಾವುದು ಪೊಳ್ಳು ಎಂದು ಬಲ್ಲವರು ಒಬ್ಬರೇ. ನಿಘಂಟಪ್ಪ ಮನೆಗೆ ಓಡಿದ. ಭಾವನಿಗೆ ವಿವರಿಸಲು ಹೋದರೆ ಸಂಜೆಯಾಗುತ್ತದೆ. ಅವನು ಮಾತೇ ಆಡದೆ ಕೊಂಬನ್ನು ಎತ್ತಿ ಹೆಗಲಿಗೇರಿಸಿಕೊಂಡು ಬೀದಿಗಿಳಿದ. ಹಿಂದಿನ ಸಂಜೆಯಿಂದ ಹಿಡಿದ ಮೌನ ಮುರಿದು ಭಾವ ಹಿಂದಿನಿಂದ ಕೂಗುತ್ತ ಬಂದರು: "ಏ ಭಾವಾ! ಎಲ್ಲಿಗೆ ಹೊತ್ಕೊಂಡು ಹೋಗ್ತೀರಿ? ಗುಜರಿಗಾ? ಕೊಲೆ ಆಗ್ತದೆ ನೋಡಿ!" ಅವರ ಹಿಂದೆ ಹೆಂಡತಿ, ಅವಳ ಹಿಂದೆ ಮಾವಶಿ, ಟೇಲರು, ಅರ್ಧ ಗಡ್ಡದ ಗಿರಾಕಿ.

ಕಾರ್ಖಾನೆಯ ಗೇಟು ಕಂಡದ್ದೇ ಭಾವನಿಗೆ ಎಲ್ಲ ಅರ್ಥವಾಯಿತು, ಅಥವಾ ಏನೂ ಅರ್ಥವಾಗಲಿಲ್ಲ. ಕೊಂಬನ್ನು ಕಿತ್ತುಕೊಂಡು ಏಣಿ ಹತ್ತಿದರು.

"ಕೊಂಬು ಅಳಿಸಯ್ಯ!" ಎಂದು ಮಾಲೀಕರು ಕೆಳಗಿನಿಂದ ಕೂಗಿದರು.

"ಇಳಿಸೋದಾ? ಆಗಲ್ಲ! ಕೂರಿಸಿಯೇ ಕೂರಿಸ್ತೀನಿ!" ಭಾವ ಮೊಳೆ ಬಿಗಿಯತೊಡಗಿದರು.

"ಇವನೇ ಇರಬೇಕು. ಏಯ್, ಯಾರಯ್ಯ ಆ ಕೊಂಬು ಹಾಕಿದ್ದು?"

ಹಾಕಿದ್ದು ಎಂಬುದೊಂದು ಭಾವನಿಗೆ ಚೆನ್ನಾಗಿ ಕೇಳಿಸಿತು. ಎದೆ ತಟ್ಟಿಕೊಂಡು ಊರಿಗೆಲ್ಲ ಕೇಳುವಂತೆ ಹೇಳಿದರು: "ನಾನೇ ಸಾರ್! ನಿಮ್ಮ ತಂದೆಯವರ ಎದುರಿಗೇ ಹಾಕಿದ್ದು! ಎಷ್ಟು ಚೆನ್ನಾಗಿ ಹಾಕಿದೀಯೋ ಅಂತ ಬೆನ್ನು ತಟ್ಟಿದ್ರು!"

"ನಮ್ಮಪ್ಪನ ಹೆಸರೂ ಎತ್ತುತ್ತಾನಲ್ಲ! ಮ್ಯಾನೇಜರ್, ನಾಳೆಯಿಂದ ಈ ಮನುಷ್ಯ ಗೇಟಿನೊಳಗೆ ಕಾಲಿಡಕೂಡದು!"

ಭಾವನಿಗೆ ಅದು ಕೇಳಿಸಲಿಲ್ಲ. ಮಾಲೀಕರು ಕೈ ಬೀಸಿದ್ದನ್ನು ಮೆಚ್ಚುಗೆ ಎಂದುಕೊಂಡು ಅವರೂ ಕೈ ಬೀಸಿದರು, ನಗುನಗುತ್ತ ಬಗ್ಗಿ ಇನ್ನೊಂದು ಮೊಳೆ ಬಿಗಿದರು. ನಿಘಂಟಪ್ಪ ಹೆಂಡತಿಯ ಕಡೆ ನೋಡಿದ. ಅವಳು ಅಣ್ಣನನ್ನು ನೋಡುತ್ತಿರಲಿಲ್ಲ, ಇವನನ್ನೇ ನೋಡುತ್ತಿದ್ದಳು.

ಅವನು ಮಾಲೀಕರ ಮುಂದೆ ಹೋಗಿ ನಿಂತ. ಕೆಮ್ಮಿ ಗಂಟಲು ಸರಿಮಾಡಿಕೊಂಡು ತಪ್ಪೊಪ್ಪಿಕೊಳ್ಳತೊಡಗಿದ. ಅಭ್ಯಾಸ ಎಲ್ಲಿ ಹೋಗುತ್ತದೆ? ಪೊಟ್ಟಣದ ಕಾಗದದಿಂದ ಶುರುಮಾಡಿದ. ಹಡಗು ಮುಳುಗಿಸುವ ಹೆಂಗಸರು ಬಂದರು, ಎಮ್ಮೆ ಬಂತು, ಹಿತ್ತಾಳೆ ಬಂತು, ಕಾಗುಣಿತ ಬಂತು, ಪೇಂಟರಿಗೆ ಕೈ ತೋರಿಸಿದ್ದು ಬಂತು. ಆದರೆ ಅವನು ಬಾಯಿ ತೆರೆದ ಎರಡನೇ ಕ್ಷಣಕ್ಕೆ ಮೇಲೆ ಭಾವ, ಸರಿಯಾಗಿ ಕೂತಿದೆಯೋ ನೋಡೋಣವೆಂದು ಹಿಡಿ ತಿರುಗಿಸಿದ್ದರು. ಒಂದು ದಿನ ಬಾಯಿ ಕಟ್ಟಿಸಿಕೊಂಡಿದ್ದ ಕೊಂಬು ಎಂದೂ ಕೂಗದ ಹಾಗೆ ಕೂಗಿತು. ಡಾಕ್ಟರು ಕಿವಿ ಮುಚ್ಚಿಕೊಂಡರು. ಗೇಟಿನ ಹೊರಗೆ ನಗುತ್ತಿದ್ದ ಕೆಲಸಗಾರರೆಲ್ಲ ಒಮ್ಮೆಲೇ ನಗು ನುಂಗಿ ಸಾಲಾಗಿ ಒಳಗೋಡಿದರು. ಮಾವಶಿ ಗುಳಿಗೆ ಹುಡುಕತೊಡಗಿದಳು.

ಸದ್ದು ನಿಂತಿತು. ಮಾಲೀಕರು ಕಿವಿಯಿಂದ ಬೆರಳು ತೆಗೆದರು.

"ಏನಂದ್ರಿ? ಒಂದಕ್ಷರ ಕೇಳಿಸ್ಲಿಲ್ಲ."

ನಿಘಂಟಪ್ಪನಿಗೆ ಒಳ್ಳೆಯ ಅವಕಾಶ ಸಿಕ್ಕಿತ್ತು. ಏನೂ ಇಲ್ಲ ಸಾರ್ ಎಂದರೆ ಮುಗಿದುಹೋಗುತ್ತಿತ್ತು. ಹೇಳಬೇಕಾದದ್ದನ್ನು ಹೇಳಿಯೂ ಆಗಿತ್ತು, ಕೊಂಬು ಕೂಗಿದರೆ ಅವನೇನು ಮಾಡುತ್ತಾನೆ? ಮೇಲೆ ಭಾವ ಪಂಚೆಯಿಂದ ಕೊಂಬಿನ ಬಾಯಿ ಒರೆಸುತ್ತಿದ್ದರು.

"ತಪ್ಪು ನಂದು ಸಾರ್. ಅವರದಲ್ಲ."

ಅರ್ಥ, ಮೂಲ ಎರಡನ್ನೂ ಬಿಟ್ಟು ನಿಘಂಟಪ್ಪ ಆಡಿದ ಮೊದಲ ಮಾತು ಅದು. ಎಲ್ಲರಿಗೂ ಕೇಳಿಸಿತು.

ಆಗ ಡಾಕ್ಟರಿಂದ ಒಂದು ವಿಚಿತ್ರ ಸದ್ದು ಬಂತು. ಏನೋ ಆಯಿತೆಂದು ಮ್ಯಾನೇಜರು ಹೆದರಿ ಕುರ್ಚಿ ತಂದರು. ಏನೂ ಆಗಿರಲಿಲ್ಲ, ಅವರು ನಗುತ್ತಿದ್ದರು. ಅಭ್ಯಾಸವಿಲ್ಲದ ಕಾರಣ ಬಿಕ್ಕಳಿಕೆ ಹಿಡಿಯಿತು. ದೊಡ್ಡಕ್ಕ ಓಡಿ ಒಂದು ಲೋಟ ರಸ ತಂದಳು. ಕುಡಿದರು, ಬಿಕ್ಕಳಿಕೆ ನಿಂತಿತು, ಇನ್ನೊಂದು ಲೋಟ ಕೇಳಿದರು. "ರಸ ಚೆನ್ನಾಗಿದೆ. ತರಿಸ್ತೀವಿ. ಬಾಟಲಿ ಮೇಲೆ ಏನು ಬರೆದಿದೀರಿ, ಒಂದ್ಸಲ ತೋರಿಸಿ" ಎಂದರು.

ಮಧ್ಯಾಹ್ನ ಪೇಂಟರು ಬಂದ. "ಹ"ದ ಕೊಂಬು ಕೆರೆದು, ಕುಂಚ ಎತ್ತಿ ಮೇಲಿನಿಂದ ಕೇಳಿದ: "ಇದನ್ನ ಯಾವುದಕ್ಕೆ ಹಾಕ್ಲಿ ಸ್ವಾಮಿ?" ಕೆಳಗಿದ್ದ ನಲವತ್ತು ಜನ ಒಟ್ಟಿಗೆ "ಶ!" ಎಂದು ಕೂಗಿದರು. ಇದು ಭಾವನಿಗೂ ಕೇಳಿಸಿತು. ಸುಮ್ಮನಿರು ಎನ್ನುತ್ತಿದ್ದಾರೆಂದು ತಿಳಿದು ಅವರು ಬೇಜಾರು ಮಾಡಿಕೊಂಡರು.

ಸುತ್ತೋಲೆ ರದ್ದಾಯಿತು. ಪದಗಳ ಅರ್ಥ ಹೇಳುವುದನ್ನು ಊಟದ ಹೊತ್ತಿಗೆ ಮಾತ್ರ, ಅದೂ ಕೇಳಿದವರಿಗೆ ಮಾತ್ರ ಎಂದು ಮಾಲೀಕರು ಬರವಣಿಗೆಯಲ್ಲಿ ಕೊಟ್ಟರು. ಕೇಳುವವರು ಯಾರೂ ಇಲ್ಲವೆಂದು ಮಾಲೀಕರಿಗೆ ಗೊತ್ತಿತ್ತು. ಭಾವ ಕೋಣೆಗೆ ವಾಪಸು ಹೋದರು, ಹಾಜರಿ ಪುಸ್ತಕದಲ್ಲಿ ಮತ್ತೆ ಆಪರೇಟರಾದರು.

ಐದಕ್ಕೆ ಸದ್ದಾಯಿತು. ನಿಘಂಟಪ್ಪ ಮನೆಗೆ ಬಂದು ಚಪ್ಪಲಿ ಬಿಟ್ಟ. ಹೆಂಡತಿ ಚಹಾ ತಂದು ಮುಂದಿಟ್ಟು ಅಲ್ಲೇ ಕೂತಳು. ಇಪ್ಪತ್ತು ವರ್ಷದ ಮೇಲೆ ಮೊದಲ ಸಲ ಅವನೇನಾದರೂ ಹೇಳಲಿ ಎಂದು ಕಾಯುವವಳ ಹಾಗಿತ್ತು.

"ಅಂತೂ ಎಲ್ಲ ಕೊಂಬೂ ಅದರದರ ಜಾಗಕ್ಕೆ ಹೋಯ್ತು" ಎಂದ ಅವನು. "ಮಾಳಿಗೆಯದು ಮಾಳಿಗೆಗೆ, ಶ-ದ್ದು ಶ-ಕ್ಕೆ."

"ಮತ್ತೆ ನಿಮ್ಮದು?" ಎಂದು ಹೆಂಡತಿ ಅವನ ಹಣೆ ನೋಡಿದಳು.

"ಅದನ್ನ ತಕ್ಷಣ ತೆಗೆಸಿದ್ರು" ಎಂದು ನಿಘಂಟಪ್ಪ ಚಹಾ ಕುಡಿದ.